ತಳ್ಳುಗಾಡಿಯ ಕಾಲಂ

ಅವಳನ್ನು ಎಲ್ಲರೂ ಕರೆಯುವುದು ಲೆಕ್ಕದಕ್ಕ ಎಂದು. ಅವಳು ಎಣಿಸುವುದು ರಸ್ತೆಯಲ್ಲಿ ಹೋಗುವ ಗಾಡಿಗಳನ್ನು. ಹೊಸದಾಗಿ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಗಾಡಿ ಎಣಿಸುವುದಕ್ಕೂ ಯಾರಾದರೂ ಸಂಬಳ ಕೊಡುತ್ತಾರಾ ಎನ್ನುತ್ತಾರೆ. ಕೊಡುತ್ತಾರೆ. ಸರ್ಕಾರ ಒಂದು ಹೆದ್ದಾರಿಯನ್ನು ಅಗಲ ಮಾಡಬೇಕಾದರೆ ಅಲ್ಲಿ ಎಷ್ಟು ಗಾಡಿ ಓಡಾಡುತ್ತವೆ ಎಂಬ ಪಟ್ಟಿ ಬೇಕು. ಪಟ್ಟಿ ಮಾಡುವ ಕೆಲಸ ಒಂದು ಕಂಪನಿಗೆ ಸಿಗುತ್ತದೆ. ಕಂಪನಿ ಅದನ್ನು ಗುತ್ತಿಗೆದಾರನಿಗೆ ಕೊಡುತ್ತದೆ, ಗುತ್ತಿಗೆದಾರ ಸೂಪರ್‌ವೈಸರನಿಗೆ ವಹಿಸುತ್ತಾನೆ, ಸೂಪರ್‌ವೈಸರ್ ಜೀಪಿನ ಸೀಟು ಹಿಂದಕ್ಕೆ ಮಾಡಿ ಮಲಗುತ್ತಾನೆ. ಹೀಗೆ ಇಳಿದು ಇಳಿದು ಇಷ್ಟು ದೊಡ್ಡ ರಸ್ತೆಯ ಹಣೆಬರಹ ಕೊನೆಗೆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಐವತ್ತನಾಲ್ಕು ವರ್ಷದ ಹೆಂಗಸಿನ ಹೆಬ್ಬೆರಳಿಗೆ ಬಂದು ನಿಲ್ಲುತ್ತದೆ.

ಈ ಕೆಲಸಕ್ಕೆ ಅವಳು ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಆಗ ಅಣ್ಣನ ಚಹಾ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದಳು. ಅಂಗಡಿಯ ಎದುರು ಎಣಿಸಲು ಕೂತಿದ್ದವನೊಬ್ಬ ಬಿಸಿಲಿಗೆ ತಲೆ ತಿರುಗಿ ಬಿದ್ದ. ಅವನಿಗೆ ನೀರು ಕುಡಿಸಿ ನೆರಳಿಗೆ ಮಲಗಿಸಿ, ಅವನು ಏಳುವವರೆಗೆ ಇರಲಿ ಎಂದು ಇವಳು ಕುರ್ಚಿಯಲ್ಲಿ ಕೂತಳು. ಅವನು ಎದ್ದು ಮನೆಗೆ ಹೋದ. ಇವಳು ಕುರ್ಚಿ ಬಿಟ್ಟು ಏಳಲೇ ಇಲ್ಲ.

ಬಲಗೈಯಲ್ಲೊಂದು ಕೌಂಟರ್, ಎಡಗೈಯಲ್ಲೊಂದು. ಅಂಗೈಯೊಳಗೆ ಅಡಗುವಷ್ಟು ದಪ್ಪದ ಉಕ್ಕಿನ ಯಂತ್ರ. ಒತ್ತಿದರೆ ಕಟ್ ಎಂದು ಒಂದು ಅಂಕಿ ಮುಂದೆ ಹೋಗುತ್ತದೆ. ಬಲಗೈ ಬೈಕುಗಳಿಗೆ, ಎಡಗೈ ಕಾರುಗಳಿಗೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಮುಂತಾದ ಉಳಿದ ಸಂತಾನಕ್ಕೆಲ್ಲ ತೊಡೆಯ ಮೇಲಿನ ಹಲಗೆಯಲ್ಲಿ ಪೆನ್ಸಿಲ್ ಗೀಟು. ಹದಿನೈದು ನಿಮಿಷಕ್ಕೊಂದು ಹಾಳೆ ಮುಗಿಯಬೇಕು. ಯಾರಾದರೂ ಬಂದು ಮಾತಿಗೆ ನಿಂತರೆ ಅವಳು ಮಾತಾಡುತ್ತಾಳೆ, ನಗುತ್ತಾಳೆ, ಜಗಳವನ್ನೂ ಆಡುತ್ತಾಳೆ. ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ದುಡಿಯುತ್ತಿರುತ್ತವೆ.

ಈ ಕಸುಬಿನಲ್ಲಿ ಎಷ್ಟು ಹೊಲಸಿದೆ ಎಂಬುದು ಎಣಿಸಲು ಕೂತವರಿಗೇ ಗೊತ್ತು. ಹೆದ್ದಾರಿಯ ಪಕ್ಕ ಎಂಟು ಗಂಟೆ ಕೂತರೆ ಉಗುಳು ಕಪ್ಪಾಗುತ್ತದೆ. ಗಾಜು ಇಳಿಸಿ ಜನ ಏನೇನನ್ನು ಹೊರಗೆ ಎಸೆಯುತ್ತಾರೆಂದು ಅವಳನ್ನು ಕೇಳಬೇಕು. ಮಗುವಿನ ಕಕ್ಕದ ಬಟ್ಟೆ, ತಿಂದು ಉಳಿದ ಎಲುಬು, ವಾಂತಿಯ ಚೀಲ. ಒಂದು ಸಲ ಒಬ್ಬ ಮಹಾನುಭಾವ ಬಸ್ಸಿನ ಕಿಟಕಿಯಿಂದ ಉಗಿದದ್ದು ನೆಟ್ಟಗೆ ಅವಳ ಹಾಳೆಯ ಮೇಲೆ, ಲಾರಿಗಳ ಕಾಲಮಿನಲ್ಲೇ ಬಂದು ಬಿತ್ತು. ಗಂಡಸರಿಗೆ ಅವಳ ಕುರ್ಚಿಯ ಹಿಂದಿನ ಪೊದೆಯೇ ಪಾಯಿಖಾನೆ. ಅವಳಿಗೆ ಅದೂ ಇಲ್ಲ. ಪೆಟ್ರೋಲ್ ಬಂಕಿನ ಕಕ್ಕಸಿನೊಳಗೆ ಒಮ್ಮೆ ಕಾಲಿಟ್ಟು ಬಂದವಳು ಅಂದಿನಿಂದ ಕೆಲಸದ ದಿನ ಬೆಳಗ್ಗಿನಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ.

ಇದಕ್ಕಿಂತ ಹೆಚ್ಚು ಹೇಸಿಗೆ ಅವಳಿಗೆ ಜೊತೆಯವರ ಮೇಲೆ. ಹೆಚ್ಚಿನವರು ಎಣಿಸುವುದೇ ಇಲ್ಲ. ಅರ್ಧ ಗಂಟೆ ಎಣಿಸಿ, ಅದನ್ನೇ ಹಿಗ್ಗಿಸಿ ಕುಗ್ಗಿಸಿ ದಿನವಿಡೀ ತುಂಬಿಸಿ, ಚಹಾ ಅಂಗಡಿಯಲ್ಲಿ ಕೂತು ಇಸ್ಪೀಟಾಡುತ್ತಾರೆ. ಕೂತಲ್ಲೇ ಗಾಡಿ ಓಡಿಸುವ ಶೂರರು. ತಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀಟನ್ನೂ ಸುಳ್ಳು ಎಳೆದವಳಲ್ಲ ಎಂಬ ಜಂಬ ಅವಳಿಗಿತ್ತು. ಜಂಬ ಪಡಲು ಬೇರೆ ಏನೂ ಇರಲೂ ಇಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಒಂದು ಸ್ಟವ್ವು, ಜೊತೆಗೆ ಒಬ್ಬಳು ತಂಗಿ.

ತಂಗಿ ಇವಳಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಹುಟ್ಟುವಾಗಲೇ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಮದುವೆಯಾಗಲಿಲ್ಲ, ಅದರ ದುಃಖವನ್ನೂ ಹೆಚ್ಚು ಮಾಡಿಕೊಳ್ಳಲಿಲ್ಲ. ಹೆದ್ದಾರಿಯ ಆಚೆ, ಸಮುದ್ರದ ಕಡೆಗಿರುವ ಮೀನಿನ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಕೆಲಸ. ಅಲ್ಲಿ ನಿಂತು ಸುಲಿಯುವವರೇ ಎಲ್ಲ, ಇವಳೊಬ್ಬಳಿಗೆ ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಹದಿನೆಂಟು ವರ್ಷದಲ್ಲಿ ಅವಳು ಶೆಡ್ಡಿಗೇ ಚುರುಕಿನ ಕೈ ಎನಿಸಿಕೊಂಡಿದ್ದಳು. ಮನೆಗಳೆಲ್ಲ ಹೆದ್ದಾರಿಯ ಈಚೆಗೆ, ಕೆಲಸವೆಲ್ಲ ಆಚೆಗೆ. ನಾಲ್ಕು ಸಾಲಿನ ರಸ್ತೆಯ ನಡುವೆ ಮೊಣಕಾಲೆತ್ತರದ ಡಿವೈಡರ್ ಇತ್ತು. ಶೆಡ್ಡಿನ ಎದುರಿಗೆ ಮಾತ್ರ ಅದು ಎಂದೋ ಒಡೆದು ಮೂರು ಮಾರು ಅಗಲದ ಸಂದಿಯಾಗಿತ್ತು. ಕೆಲಸದವರು, ಶಾಲೆಯ ಮಕ್ಕಳು, ಔಷಧಿಗೆ ಹೋಗುವ ಮುದುಕರು ಎಲ್ಲರೂ ದಾಟುವುದು ಅಲ್ಲೇ.

ತಂಗಿ ದಾಟಲು ನಲವತ್ತೊಂದು ಸೆಕೆಂಡು ಬೇಕು. ಲೆಕ್ಕದಕ್ಕ ಅದನ್ನೂ ಎಣಿಸಿದ್ದಳು. ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತ ಹೊತ್ತಿನಲ್ಲಿ ನಡುವೆ ನುಸುಳಿ ಹೋಗಬಹುದು. ಗಾಡಿಗಳು ಓಡುತ್ತಿರುವಾಗಲೇ ಭಯ.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸಂತೆ ಅಕ್ಕ," ಎನ್ನುತ್ತಿದ್ದಳು ತಂಗಿ. "ನಾನು ದಿನಕ್ಕೆ ಎರಡು ಸಲ ತಪ್ಪಿಸ್ಕೊಳ್ತೀನಿ. ನನ್ನ ಆಯಸ್ಸು ನೀನೇ ಲೆಕ್ಕ ಹಾಕು."

ಹೀಗಿರುವಾಗ ಹೆದ್ದಾರಿಯನ್ನು ಆರು ಸಾಲು ಮಾಡುತ್ತಾರೆ ಎಂಬ ಸುದ್ದಿ ಬಂತು. ದಟ್ಟಣೆ ತಡೆಯಲಾಗುತ್ತಿಲ್ಲ, ಬಂದರಿನ ಲಾರಿಗಳು ಗಂಟೆಗಟ್ಟಲೆ ನಿಲ್ಲುತ್ತವೆ ಎಂದು ಮೇಲಿನವರ ಅಳಲು. ಎಣಿಕೆಗೆ ಲೆಕ್ಕದಕ್ಕನನ್ನೇ ಕರೆದರು. ಅವಳ ಅದೃಷ್ಟವೋ ಗ್ರಹಚಾರವೋ, ಕುರ್ಚಿ ಬಿದ್ದದ್ದು ಆ ಸಂದಿಯ ಎದುರಿಗೇ. ಸೂಪರ್‌ವೈಸರ್ ಫಾರಂ ಹಂಚುತ್ತಾ, ಜನ ಹೆಚ್ಚು ದಾಟುವ ಕಡೆ ಅಂಡರ್‌ಪಾಸ್ ಬರಬಹುದು, ಎಲ್ಲ ಎಣಿಕೆಯ ಮೇಲೆ ನಿಂತಿದೆ ಎಂದ. ಲೆಕ್ಕದಕ್ಕ ಫಾರಂ ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಕಾರಿನಿಂದ ಹಿಡಿದು ಸೈಕಲ್, ತಳ್ಳುಗಾಡಿಯವರೆಗೆ ಕಾಲಂ ಇತ್ತು.

"ನಡ್ಕೊಂಡು ಹೋಗೋರನ್ನ ಎಲ್ಲಿ ಬರೀಲಿ?" ಎಂದು ಕೇಳಿದಳು.

"ಅವರು ಗಾಡಿನಾ ಅಕ್ಕ?" ಎಂದ ಅವನು.

"ಅಲ್ಲ."

"ಮತ್ತೆ ಬಿಟ್ಬಿಡಿ."

"ಜನ ದಾಟೋ ಕಡೆ ಅಂಡರ್‌ಪಾಸ್ ಅಂತ ನೀವೇ ಅಂದ್ರಲ್ಲ. ಜನಾನ ಬರೀದೇ ಹೋದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?"

ಅವನು ಆಕಳಿಸಿದ. "ನನ್ನ ತಲೆ ತಿನ್ಬೇಡಿ. ಇರೋ ಕಾಲಂ ತುಂಬಿಸಿ ಸಾಕು."

ಬೆಳಗ್ಗೆ ಏಳೂವರೆಗೆ ಶೆಡ್ಡಿನ ಹೆಂಗಸರ ಗುಂಪು ಬಂತು. ಹಿಂದೆ ಕುಂಟುತ್ತಾ ತಂಗಿ. ಅವಳು ಸಂದಿಯ ಬಳಿ ನಿಂತು, ಒಂದು ಟ್ಯಾಂಕರ್ ಹೋಗುವವರೆಗೆ ಕಾದು, ಊಟದ ಡಬ್ಬಿಯನ್ನು ಎದೆಗವಚಿಕೊಂಡು ಹೊರಟಳು. ಲೆಕ್ಕದಕ್ಕನ ಎಡಗೈ ಟ್ಯಾಂಕರಿನ ಹಿಂದಿನ ಕಾರುಗಳನ್ನು ಒತ್ತಿತು, ಬಲಗೈ ಬೈಕುಗಳನ್ನು ಒತ್ತಿತು. ತಂಗಿಗೆ ಒತ್ತಲು ಏನೂ ಇರಲಿಲ್ಲ. ಖಾಲಿ ಸೀಟುಗಳನ್ನು ಹೊತ್ತು ಹೋಗುವ ಬಸ್ಸಿಗೆ ಗೀಟಿದೆ, ಗೊಬ್ಬರದ ಟ್ರ್ಯಾಕ್ಟರಿಗೆ ಗೀಟಿದೆ, ಹದಿನೆಂಟು ವರ್ಷದಿಂದ ಜೀವ ಕೈಯಲ್ಲಿ ಹಿಡಿದು ದಾಟುವ ಹೆಂಗಸಿಗೆ ಗೀಟಿಲ್ಲ. ಥೂ, ಇದೂ ಒಂದು ಲೆಕ್ಕವೇ ಎನಿಸಿತು ಅವಳಿಗೆ. ಫಾರಮಿನ ಕಟ್ಟಕಡೆಯಲ್ಲಿ ತಳ್ಳುಗಾಡಿಯ ಕಾಲಂ ಬಡವನ ಮನೆಯ ಕಪಾಟಿನಂತೆ ಖಾಲಿ ಬಿದ್ದಿತ್ತು. ಪೆನ್ಸಿಲ್ ತೆಗೆದುಕೊಂಡು ಅಲ್ಲಿ ಒಂದು ಗೀಟು ಎಳೆದಳು. ತಂಗಿಯ ಮುಂದೆ ಹೋದವರಿಗೂ ಎಳೆದಳು. ಮೂರು ದಿನವೂ ಹಾಗೆಯೇ ಎಳೆದಳು. ದಿನಕ್ಕೆ ಸರಾಸರಿ ಸಾವಿರದ ನೂರ ನಲವತ್ತು.

ಜೀವಮಾನದಲ್ಲಿ ಬರೆದ ಒಂದೇ ಸುಳ್ಳು. ಅದೂ ಅವಳ ಲೆಕ್ಕದಲ್ಲಿ ಸುಳ್ಳಲ್ಲ. ಇರುವವರನ್ನು ಇದ್ದಾರೆ ಎಂದು ಬರೆದದ್ದು. ನೋಡಿದವರಿಗೆ ಅರ್ಥವಾದೀತು, ಇಷ್ಟು ತಳ್ಳುಗಾಡಿ ಎಲ್ಲಿಂದ ಬಂದವು ಎಂದು ಒಬ್ಬನಾದರೂ ಬಂದು ಕೇಳಿಯಾನು, ಆಗ ಬಾಯಿಬಿಟ್ಟು ಹೇಳಿದರಾಯಿತು ಎಂದುಕೊಂಡಿದ್ದಳು. ಯಾರೂ ಬರಲಿಲ್ಲ. ಸೂಪರ್‌ವೈಸರ್ ಹಾಳೆಗಳನ್ನು ನೋಡದೆಯೇ ಸಹಿ ಹಾಕಿದ.

ಒಂಬತ್ತು ತಿಂಗಳ ಮೇಲೆ ಶಾಲೆಯ ಸಭಾಂಗಣದಲ್ಲಿ ಜನರ ಅಹವಾಲು ಕೇಳುವ ಸಭೆ ಕರೆದರು. ಚಿಕ್ಕ ಮಕ್ಕಳ ಬೆಂಚಿನ ಮೇಲೆ ಊರಿನ ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಅಕ್ಕತಂಗಿಯರು ಮೂರನೆಯ ಸಾಲಿನಲ್ಲಿದ್ದರು. ವೇದಿಕೆಯ ಮೇಲೆ ದೊಡ್ಡ ಇಂಜಿನಿಯರ್, ಇಸ್ತ್ರಿಯ ಗೆರೆ ಮಾಸದ ಮನುಷ್ಯ. ಜನರ ಕೈಯಿಂದ ಮೈಕು ವಾಪಸು ಬಂದಾಗಲೆಲ್ಲ ಕರವಸ್ತ್ರದಿಂದ ಅದನ್ನು ಒರೆಸುತ್ತಿದ್ದ. ಪರದೆಯ ಮೇಲೆ ರಸ್ತೆಯ ಚಿತ್ರ ಬಂತು. ಶೆಡ್ಡಿನ ಎದುರಿನ ಜಾಗ ಕೆಂಪು ಬಣ್ಣದಲ್ಲಿತ್ತು.

"ಇಲ್ಲಿ ನೋಡಿ," ಎಂದ ಇಂಜಿನಿಯರ್. "ಮೊದಲಿನ ಡ್ರಾಯಿಂಗಲ್ಲಿ ಈ ಸಂದೀನ ಹಾಗೇ ಬಿಟ್ಟಿದ್ವಿ. ಎರಡು ಮಿಣುಕು ದೀಪ ಹಾಕಿದ್ರೆ ಸಾಕು, ಇಲ್ಲಿ ಅಂಥಾದ್ದೇನೂ ಇಲ್ಲ ಅಂದ್ಕೊಂಡಿದ್ವಿ. ಎಣಿಕೆ ಬಂದ ಮೇಲೆ ಗೊತ್ತಾಯ್ತು. ದಿನಕ್ಕೆ ಸಾವಿರದ ನೂರ ನಲವತ್ತು ತಳ್ಳುಗಾಡಿ ಇಲ್ಲಿ ರಸ್ತೆಗೆ ಅಡ್ಡ ಬರ್ತಾವೆ. ಒಂದು ತಳ್ಳುಗಾಡಿ ನಮ್ಮ ಲೆಕ್ಕದಲ್ಲಿ ಮೂರು ಕಾರಿಗೆ ಸಮ. ನಿಧಾನ ಅಲ್ವಾ? ಅಂದ್ರೆ ಮೂರು ಸಾವಿರದ ನಾನ್ನೂರ ಇಪ್ಪತ್ತು ಕಾರು ಅಡ್ಡ ನಿಂತ ಹಾಗೆ. ನಿಮ್ಮ ದಟ್ಟಣೆಗೆ ಇದೇ ಮೂಲ. ಅದಕ್ಕೇ ಸಂದಿ ಮುಚ್ಚಿ ಎದೆ ಎತ್ತರದ ಗೋಡೆ ಕಟ್ತೀವಿ."

ಸಭೆ ಗೊಳ್ಳೆಂದಿತು. ಐಸ್ ಫ್ಯಾಕ್ಟರಿಯ ಮುದುಕನೊಬ್ಬ ಎದ್ದು, "ಇಡೀ ಊರು ಜಾಲಾಡಿದ್ರೂ ಆರು ತಳ್ಳುಗಾಡಿ ಸಿಗಲ್ಲ ಸ್ವಾಮಿ. ಯಾವ ಕುರುಡ ಎಣಿಸಿದ್ದು ಇದನ್ನ?" ಎಂದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಜನ ಸತ್ತುಹೋಗಿದ್ದಾರೆ ಎಂದು ಯಾರಾದರೂ ತಿಳಿದಿದ್ದರೆ ಅವತ್ತು ಆ ವೇದಿಕೆ ನೋಡಬೇಕಿತ್ತು. ಓದಿದವರು, ಬರೆದವರು, ಪರದೆಯ ಮೇಲೆ ಬಣ್ಣ ಬಳಿದವರು, ಇಷ್ಟು ಮಂದಿಯಲ್ಲಿ ಒಬ್ಬನಿಗೂ ಅರ್ಧ ಗಂಟೆ ಬಂದು ರಸ್ತೆಯ ಪಕ್ಕ ನಿಲ್ಲಬೇಕು ಎನಿಸಿರಲಿಲ್ಲ. ಗೋಡೆಯ ಬಳಿ ನಿಂತಿದ್ದ ಸೂಪರ್‌ವೈಸರ್ ಲೆಕ್ಕದಕ್ಕನಿಗೆ ಕೂತಿರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಎದ್ದಳು.

"ಎಣಿಸಿದ್ದು ನಾನು ಸಾರ್. ಅವು ಗಾಡಿಗಳಲ್ಲ, ಜನ. ಶೆಡ್ಡಿಗೆ ಹೋಗೋರು, ಶಾಲೆ ಮಕ್ಕಳು. ಬರೆಯೋಕೆ ಬೇರೆ ಕಾಲಂ ಇರ್ಲಿಲ್ಲ, ಅದರಲ್ಲಿ ಬರೆದೆ. ತಪ್ಪು ನನ್ನದೇ. ಆದ್ರೆ ಅಷ್ಟು ಜನ ಇರೋದು ನಿಜ. ಅವರಿಗೆ ಅಂಡರ್‌ಪಾಸ್ ಬೇಕು."

ಇಂಜಿನಿಯರ್ ಪಕ್ಕದವನ ಕಡೆ ಬಾಗಿ ಏನೋ ಮಾತಾಡಿ ತಿರುಗಿದ. "ಹಾಗಾದ್ರೆ ತಳ್ಳುಗಾಡಿ ನಿಜವಾಗಿ ಎಷ್ಟಮ್ಮ?"

"ಆರು."

"ಸರಿ, ಆರು ಅಂತ ತಿದ್ದಿಸ್ತೀವಿ."

"ಉಳಿದ ಜನ?"

"ಇದು ವಾಹನಗಳ ಸರ್ವೆ. ಜನರನ್ನ ಇದರಲ್ಲಿ ಸೇರಿಸೋಕೆ ಬರಲ್ಲ."

"ಹಾಗಾದ್ರೆ ಗೋಡೆ ಬೇಡ ಅಂತಾಯ್ತಲ್ಲ?"

"ಆರು ಗಾಡಿಗೋಸ್ಕರ ಹೆದ್ದಾರಿ ಮಧ್ಯೆ ಸಂದಿ ಬಿಡೋಕಾಗುತ್ತಾ?"

"ಸಾವಿರ ಇದ್ರೂ ಗೋಡೆ, ಆರು ಇದ್ರೂ ಗೋಡೆನಾ ಸಾರ್?"

ಅವನು ಮೈಕು ಒರೆಸಿದ. "ಡ್ರಾಯಿಂಗ್ ಆಗಿಹೋಗಿದೆಯಮ್ಮ, ಟೆಂಡರೂ ಆಗಿದೆ. ನೀವು ಹೇಳಿದ್ದನ್ನ ಬರ್ಕೊಂಡಿದ್ದೀವಿ. ಮುಂದಿನ ಫಾರಮಲ್ಲಿ ಪಾದಚಾರಿ ಅಂತ ಒಂದು ಕಾಲಂ ಸೇರಿಸ್ತೀವಿ. ಒಳ್ಳೆ ಸಲಹೆ."

ಮುಂದಿನ ಸಾಲಿನ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆ ಚಪ್ಪಾಳೆ ಕೇಳಿ ಅವಳಿಗೆ ಬಸ್ಸಿನ ಕಿಟಕಿಯವನು ಉಗಿದದ್ದಕ್ಕಿಂತ ಹೆಚ್ಚು ಅಸಹ್ಯವಾಯಿತು. ಮನೆಗೆ ಹೋಗುವಾಗ ತಂಗಿ ದಾರಿಯುದ್ದಕ್ಕೂ ನಗಿಸಲು ನೋಡಿದಳು.

"ನಾನು ಮೂರು ಕಾರಿಗೆ ಸಮ ಅಂತೆ ಅಕ್ಕ. ಇನ್ಮೇಲೆ ಮರ್ಯಾದೆ ಕೊಟ್ಟು ಮಾತಾಡು."

ಗೋಡೆ ಎದ್ದಿತು. ಇನ್ನುಳಿದ ಕೆಲಸ ಎಷ್ಟೇ ಕುಂಟಲಿ, ಗೋಡೆ ಮಾತ್ರ ಎಲ್ಲಕ್ಕಿಂತ ಮೊದಲು ಮುಗಿಯಿತು. ದಾಟಬೇಕೆಂದರೆ ಎರಡೂವರೆ ಕಿಲೋಮೀಟರ್ ದೂರದ ತಿರುವಿಗೆ ಹೋಗಿ, ಆಚೆಯ ಬದಿಯಲ್ಲಿ ಅಷ್ಟೇ ದೂರ ವಾಪಸು ಬರಬೇಕು. ಮೊದಲ ವಾರ ಹೆಂಗಸರು ಮೀನಿನ ಕ್ರೇಟುಗಳನ್ನು ಪೇರಿಸಿ ಗೋಡೆ ಹತ್ತಿದರು. ತಂಗಿಯನ್ನು ಇಬ್ಬರು ಮೇಲಿನಿಂದ ಎಳೆದು, ಒಬ್ಬಳು ಕೆಳಗಿನಿಂದ ನೂಕಿ, ಮೂಟೆ ಇಳಿಸಿದಂತೆ ಆಚೆ ಇಳಿಸುತ್ತಿದ್ದರು. ನಾಲ್ಕನೆಯ ದಿನ ಅವಳ ಗಿಡ್ಡ ಕಾಲು ಸಿಕ್ಕಿಕೊಂಡು ಗೋಡೆಯ ಮೇಲೆಯೇ ಉಳಿದಳು. ಲಾರಿಗಳು ಹಾರನ್ ಹೊಡೆದವು. ಒಂದು ಕಾರು ನಿಧಾನ ಮಾಡಿತು. ಸಹಾಯಕ್ಕಿರಬೇಕು ಎಂದುಕೊಂಡರೆ ಒಳಗಿದ್ದವರು ಮೊಬೈಲ್ ಹಿಡಿದು ಚಿತ್ರ ತೆಗೆದು ನಗುತ್ತಾ ಹೋದರು. ತೊಡೆಯ ಚರ್ಮ ಅಂಗೈಯಷ್ಟು ಅಗಲ ಕಿತ್ತುಹೋಗಿತ್ತು. ಗಾಯಕ್ಕೆ ಮುಲಾಮು ಹಚ್ಚುವಾಗ ಲೆಕ್ಕದಕ್ಕ ಆ ಕಾರಿನವರ ಏಳು ತಲೆಮಾರನ್ನೂ ಬಿಡದೆ ಬೈದಳು. ತಂಗಿ ಹಲ್ಲು ಕಚ್ಚಿಕೊಂಡು ಮಲಗಿದ್ದಳು.

ಗಾಯ ಮಾಗಿದ ಮೇಲೆ ತಂಗಿ ಐದು ಕಿಲೋಮೀಟರ್ ಸುತ್ತಿ ಹೋಗಿ ನೋಡಿದಳು. ಬೆಳಕು ಹರಿಯುವ ಮೊದಲೇ ಹೊರಟರೂ ಶೆಡ್ಡು ಮುಟ್ಟುವಾಗ ಅರ್ಧ ಸಿಗಡಿ ಮುಗಿದಿರುತ್ತಿತ್ತು, ಸೊಂಟ ಸೆಟೆದುಕೊಂಡಿರುತ್ತಿತ್ತು. ಹನ್ನೊಂದನೆಯ ದಿನ ಶೆಡ್ಡಿನ ಮೇಸ್ತ್ರಿ, "ಸ್ವಲ್ಪ ದಿನ ರೆಸ್ಟ್ ತಗೋ, ಬೇಕಾದಾಗ ಹೇಳಿಕಳಿಸ್ತೀನಿ," ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಹದಿನೆಂಟು ವರ್ಷದ ಕೆಲಸ ಹೀಗೆ ಒಳ್ಳೆಯ ಮಾತಿನಲ್ಲೇ ಹೋಯಿತು. ಅಂದಿನಿಂದ ತಂಗಿ ಮನೆಯಲ್ಲಿ ಕೂತು ಹರಿದ ಬಲೆ ಹೊಲಿದು ಕೊಡುತ್ತಾಳೆ.

ರಸ್ತೆ ಉದ್ಘಾಟನೆಯಾಯಿತು. ದಟ್ಟಣೆ ಹೋಯಿತೇ ಎಂದರೆ, ಮನೆ ಬದಲಾಯಿಸಿತು. ಆರು ಸಾಲಿನಲ್ಲಿ ರೊಯ್ಯನೆ ಬಂದ ಗಾಡಿಗಳೆಲ್ಲ ನಾಲ್ಕು ಕಿಲೋಮೀಟರ್ ಆಚೆಯ ಹಳೆಯ ಸೇತುವೆಯ ಬಾಯಲ್ಲಿ ಗುಪ್ಪೆಯಾಗಿ ನಿಂತು ಹಾರನ್ ಹೊಡೆಯುತ್ತವೆ. ಸೇತುವೆಯನ್ನು ಅಗಲ ಮಾಡುವುದು ಇನ್ನೊಬ್ಬರ ಇಲಾಖೆಯಂತೆ.

ಏಳು ತಿಂಗಳಾದ ಮೇಲೆ ಸೂಪರ್‌ವೈಸರ್ ಮನೆಬಾಗಿಲಿಗೆ ಬಂದ. ರಸ್ತೆ ಅಗಲವಾದ ಮೇಲೆ ಎಷ್ಟು ಅನುಕೂಲವಾಗಿದೆ ಎಂದು ತೋರಿಸಲು ಮತ್ತೆ ಎಣಿಕೆ. ಸಭೆಯಲ್ಲಿ ಅಷ್ಟಾದ ಮೇಲೂ ಅವಳನ್ನು ಬಿಡಲಿಲ್ಲ. ಅಷ್ಟು ಕಡಿಮೆ ಕೂಲಿಗೆ ಅಷ್ಟು ಸರಿಯಾಗಿ ಎಣಿಸುವವರು ಇನ್ನೊಬ್ಬರು ಸಿಕ್ಕಿರಲಿಲ್ಲ. ಬರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಮನೆಯಲ್ಲಿ ದುಡಿಯುವ ಕೈ ಈಗ ಒಂದೇ. ಹೋದಳು.

"ನೋಡಿ, ನಿಮ್ಮಿಂದ ಬಂದದ್ದು," ಎಂದು ಅವನು ಹೊಸ ಫಾರಂ ಕೊಟ್ಟ. ಕೊನೆಯಲ್ಲಿ 'ಪಾದಚಾರಿ' ಎಂದು ಅಚ್ಚಾಗಿತ್ತು. ಇಂಜಿನಿಯರ್ ಮಾತು ಉಳಿಸಿಕೊಂಡಿದ್ದ.

ಕುರ್ಚಿ ಹಳೆಯ ಜಾಗದಲ್ಲೇ. ಎದುರಿಗೆ ಉದ್ದಕ್ಕೂ ಗೋಡೆ. ಅದಕ್ಕೆ ಬಳಿದ ಹಳದಿ ಕಪ್ಪು ಪಟ್ಟೆಗಳ ಮೇಲೆ ಆಗಲೇ ಯಾರೋ ಉಗಿದು ಕೆಂಪು ಮಾಡಿದ್ದರು. ಏಳೂವರೆಗೆ ಯಾರೂ ಬರಲಿಲ್ಲ. ಶೆಡ್ಡಿನವರ ಎರಡು ವ್ಯಾನು ಬಂದವು. ಮೇಸ್ತ್ರಿ ಈಗ ಆಚೆಯ ಊರುಗಳಿಂದ ಹೆಂಗಸರನ್ನು ತುಂಬಿಸಿಕೊಂಡು ಬರುತ್ತಿದ್ದ. ಮಧ್ಯಾಹ್ನ ಎರಡು ಗಂಟೆಗೆ ಯಾರೂ ದಾಟಲಿಲ್ಲ, ಸಂಜೆ ಆರಕ್ಕೂ ದಾಟಲಿಲ್ಲ. ಮೂರು ದಿನ ಅವಳು ಕಾರಿಗಿಂತ ಹೆಚ್ಚಾಗಿ ಆ ಗೋಡೆಯನ್ನೇ ನೋಡಿದಳು. ಒಬ್ಬನಾದರೂ ಹತ್ತಲಿ, ಒಂದು ಗೀಟಾದರೂ ಬೀಳಲಿ ಎಂದು ಹಂಬಲಿಸಿದಳು. ಮರುಗಳಿಗೆಯೇ, ಒಂದು ಗೀಟಿಗೋಸ್ಕರ ಯಾರದೋ ಕಾಲು ಮುರಿಯಲಿ ಎಂದು ಕಾಯುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಕೊನೆಗೆ ಪಾದಚಾರಿಯ ಕೆಳಗೆ ಸೊನ್ನೆ ಬರೆದು ಸಹಿ ಹಾಕಿದಳು. ಸೂಪರ್‌ವೈಸರ್ ಈ ಸಲ ಹಾಳೆಯನ್ನು ಪೂರ್ತಿ ಓದಿದ.

"ಇದು ಲೆಕ್ಕ ಅಂದ್ರೆ," ಎಂದ. "ಅಂಡರ್‌ಪಾಸ್ ಅಂಡರ್‌ಪಾಸ್ ಅಂತಿದ್ರಲ್ಲ, ಕಟ್ಟಿದ್ರೆ ಎಂಥಾ ದಂಡ ಆಗ್ತಿತ್ತು ನೋಡಿ."

ಸಂಜೆ ಅವಳು ಮನೆಗೆ ಬಂದಾಗ ತಂಗಿ ಕಿಟಕಿಯ ಬಳಿ ಬಲೆ ಹರಡಿಕೊಂಡು ಕೂತಿದ್ದಳು. ಲೆಕ್ಕದಕ್ಕ ಮೊದಲು ಎರಡು ಲೋಟ ನೀರು ಕುಡಿದಳು. ಮುಖ ತೊಳೆದು ಕಪ್ಪು ಉಗುಳು ಉಗುಳಿ ಬಂದು ನೆಲದ ಮೇಲೆ ಕೂತಳು.

"ಎಷ್ಟು ಜನ ದಾಟಿದ್ರು?" ಎಂದು ತಂಗಿ ಕೇಳಿದಳು.

"ಯಾರೂ ಇಲ್ಲ."

"ಶೆಡ್ ನಡೀತಿದೆ ತಾನೆ?"

"ನಡೀತಿದೆ. ಹೆಂಗಸರು ವ್ಯಾನಲ್ಲಿ ಬರ್ತಾರೆ. ಬೆಳಗ್ಗೆ ಎರಡು, ಸಂಜೆ ಎರಡು."

"ಅವನ್ನ ಬರೆದ್ಯಾ?"

"ಬರೆದೆ."

ತಂಗಿಯ ಸೂಜಿ ನಾಲ್ಕು ಗಂಟು ದಾಟಿತು. ಆಮೇಲೆ ಅವಳು, ಕೋಪವೇನೂ ಇಲ್ಲದ ದನಿಯಲ್ಲಿ, ತಲೆ ಎತ್ತದೆ ಹೇಳಿದಳು.

"ಅವತ್ತು ನಮ್ಮನ್ನ ಎಣಿಸದೇ ಬಿಟ್ಬಿಟ್ಟಿದ್ರೆ ಆಗ್ತಿತ್ತು ಅಕ್ಕ. ಇಲ್ಲಿ ಏನೂ ಇಲ್ಲ ಅಂದ್ಕೊಂಡು ಸಂದಿ ಬಿಟ್ಟಿರ್ತಿದ್ರು."

ಲೆಕ್ಕದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದಳು. ತಂಗಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ.